ಅರ್ಹತೆಯ ಹೊಸ್ತಿಲು

ಯಾವುದೇ ಪಂದ್ಯಾವಳಿಯ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅದರ ಕೊನೆಯ ದಿನ. ಕಿಕ್ಕಿರಿದ ಕ್ರೀಡಾಂಗಣ, ಮುಗಿಲು ಮುಟ್ಟುವ ಜಯಘೋಷ, ಹೊಳೆಯುವ ಪಾರಿತೋಷಕವನ್ನು ಎರಡೂ ಕೈಗಳಿಂದ ಮೇಲೆತ್ತಿ ಹಿಡಿದ ನಾಯಕ, ಇಷ್ಟೇ ನಮ್ಮ ನೆನಪಿನಲ್ಲಿ ಉಳಿಯುತ್ತದೆ. ಆದರೆ ಮರದ ತುದಿಯಲ್ಲಿ ತೂಗುವ ಹಣ್ಣಿಗೆ ನೆಲದೊಳಗಿನ ಬೇರು ಆಧಾರವಾಗಿರುವಂತೆ, ಆ ದಿನದ ವೈಭವಕ್ಕೂ ಹೆಚ್ಚು ಜನರ ಕಣ್ಣಿಗೆ ಬೀಳದ ಒಂದು ಆರಂಭವಿರುತ್ತದೆ. ಅದೇ ಅರ್ಹತಾ ಸುತ್ತು. ಪಂದ್ಯಾವಳಿಯೊಳಗೆ ಕಾಲಿಡುವ ಹಕ್ಕನ್ನು ಆಡಿಯೇ ಸಂಪಾದಿಸಿಕೊಳ್ಳುವ ಏರ್ಪಾಡಿಗೆ ಈ ಹೆಸರು. ಯೂರೋಪು ಖಂಡದ ಕಾಲ್ಚೆಂಡು ಕ್ಲಬ್ಬುಗಳ ನಡುವೆ ಪ್ರತಿವರ್ಷವೂ ನಡೆಯುವ ಚಾಂಪಿಯನ್ಸ್ ಲೀಗ್ ಪಂದ್ಯಾವಳಿಯ ಅರ್ಹತಾ ಸುತ್ತುಗಳ ಕಥೆಯನ್ನು ಅರಿತರೆ, ಸ್ಪರ್ಧೆಯೆಂದರೇನು, ಸ್ಪರ್ಧೆಯಲ್ಲಿ ನ್ಯಾಯವೆಂದರೇನು ಎಂಬ ಪ್ರಶ್ನೆಗಳ ಮೇಲೂ ಬೆಳಕು ಬೀಳುತ್ತದೆ.

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ವಿಶ್ವಕಪ್ ಪಂದ್ಯಾವಳಿಯಲ್ಲಿ ಸೆಣಸುವುವು ದೇಶಗಳ ತಂಡಗಳು. ಇಲ್ಲಿ ಸೆಣಸುವುವು ಕ್ಲಬ್ಬುಗಳು. ಕ್ಲಬ್ಬೆಂದರೆ ಒಂದು ಊರಿನ ತಂಡ. ದೊಡ್ಡ ನಗರವಾದರೆ ಅದರ ಒಂದು ಭಾಗದ ತಂಡ. ಪ್ರತಿಯೊಂದು ದೇಶದಲ್ಲಿಯೂ ಇಂತಹ ಕ್ಲಬ್ಬುಗಳು ಹಲವು ತಿಂಗಳುಗಳ ಕಾಲ ತಮ್ಮತಮ್ಮೊಳಗೆ ಲೀಗ್ ಪಂದ್ಯಗಳನ್ನಾಡುತ್ತವೆ. ಅತಿ ಹೆಚ್ಚು ಅಂಕಗಳನ್ನು ಗಳಿಸಿದ ಕ್ಲಬ್ಬು ಆ ದೇಶದ ಚಾಂಪಿಯನ್ ಎನಿಸಿಕೊಳ್ಳುತ್ತದೆ. ಹೀಗೆ ದೇಶದೇಶಗಳಲ್ಲಿ ಗೆದ್ದು ಬಂದವರನ್ನು ಒಂದೆಡೆ ಸೇರಿಸಿ, ಇವರೆಲ್ಲರಲ್ಲಿ ಮೇಲಾದವರು ಯಾರು ಎಂಬುದನ್ನು ನಿರ್ಣಯಿಸುವುದೇ ಈ ಪಂದ್ಯಾವಳಿಯ ಮೂಲ ಉದ್ದೇಶ.

ಈ ಪಂದ್ಯಾವಳಿಯ ಹುಟ್ಟಿಗೆ ಕಾರಣವಾದುದು ಒಂದು ಬಡಾಯಿಯ ಮಾತು. 1954ರ ಡಿಸೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ತಂಡವು ಹಂಗೆರಿಯ ಪ್ರಖ್ಯಾತ ಹಾನ್‌ವೆಡ್ ತಂಡವನ್ನು ತನ್ನ ಅಂಗಳದಲ್ಲಿ 3-2 ಗೋಲುಗಳಿಂದ ಸೋಲಿಸಿತು. ಇಂಗ್ಲೆಂಡಿನ ಪತ್ರಿಕೆಗಳು ಹಿಗ್ಗಿ, ತಮ್ಮ ತಂಡವೇ ಜಗತ್ತಿನ ಚಾಂಪಿಯನ್ ಎಂದು ಸಾರಿದುವು. ಫ್ರಾನ್ಸಿನ 'ಲೆಕಿಪ್' ಎಂಬ ಕ್ರೀಡಾಪತ್ರಿಕೆಯ ಗೇಬ್ರಿಯಲ್ ಅನೋ ಅವರು ಈ ಮಾತನ್ನು ಒಪ್ಪಲಿಲ್ಲ. ತನ್ನ ಮನೆಯಂಗಳದಲ್ಲಿ ಗೆದ್ದವನು ಎದುರಾಳಿಯ ಅಂಗಳದಲ್ಲಿಯೂ ಗೆದ್ದು ತೋರಿಸಬೇಕು. ಎಲ್ಲ ದೇಶಗಳ ಶ್ರೇಷ್ಠ ಕ್ಲಬ್ಬುಗಳೂ ಕೂಡಿ ಆಡಿದಾಗಲೇ ಇಂತಹ ನಿರ್ಣಯ ಸಾಧ್ಯ ಎಂಬುದು ಅವರ ವಾದ. ಆ ವಾದದ ಫಲವಾಗಿ 1955-56ರಲ್ಲಿ 'ಯೂರೋಪಿಯನ್ ಕಪ್' ಪಂದ್ಯಾವಳಿಯು ಆರಂಭವಾಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಸ್ಥಾಪನೆಯಾಗಿದ್ದ ಯೂರೋಪಿನ ಕಾಲ್ಚೆಂಡು ಸಂಘಗಳ ಒಕ್ಕೂಟವಾದ 'ಯುಯೆಫಾ' ಅದರ ಹೊಣೆಯನ್ನು ಹೊತ್ತುಕೊಂಡಿತು.

ಆ ಮೊದಲ ವರ್ಷ ಆಡಿದ ಹದಿನಾರು ಕ್ಲಬ್ಬುಗಳು ಆಮಂತ್ರಣದ ಮೇಲೆ ಬಂದವುಗಳೇ ಹೊರತು ಅರ್ಹತೆಯನ್ನು ಗಳಿಸಿ ಬಂದವುಗಳಲ್ಲ. ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ ಚೆಲ್ಸಿ ತಂಡವು ತನ್ನ ದೇಶದ ಲೀಗ್ ಆಡಳಿತದವರ ಮಾತಿಗೆ ಕಟ್ಟುಬಿದ್ದು ಹಿಂದೆ ಸರಿಯಿತು. ಸ್ಕಾಟ್‌ಲೆಂಡಿನಿಂದ ಬಂದುದು ಆ ದೇಶದ ಲೀಗಿನಲ್ಲಿ ಐದನೆಯ ಸ್ಥಾನ ಪಡೆದಿದ್ದ ಹೈಬರ್ನಿಯನ್ ತಂಡ. ಕರೆದವರು ಬಂದರು, ಬಂದವರು ಆಡಿದರು. 1956ರ ಜೂನ್ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಸ್ಪೇನ್ ದೇಶದ ರಿಯಲ್ ಮ್ಯಾಡ್ರಿಡ್ ಫ್ರಾನ್ಸಿನ ರೀಮ್ಸ್ ತಂಡವನ್ನು 4-3ರಿಂದ ಸೋಲಿಸಿ ಪಾರಿತೋಷಕವನ್ನು ಗೆದ್ದುಕೊಂಡಿತು.

ಪಂದ್ಯಾವಳಿಯ ಕೀರ್ತಿ ಹರಡಿದಂತೆ ಮರುವರ್ಷ ಇಪ್ಪತ್ತೆರಡು ಕ್ಲಬ್ಬುಗಳು ಬಂದುವು. ಆಗ ಒಂದು ಲೆಕ್ಕದ ತೊಡಕು ಎದುರಾಯಿತು. ಸೋತವರು ಹೊರಗೆ ಹೋಗುವ ಪದ್ಧತಿಯಲ್ಲಿ ಪ್ರತಿ ಸುತ್ತಿನಲ್ಲಿಯೂ ತಂಡಗಳ ಸಂಖ್ಯೆ ಅರ್ಧವಾಗುತ್ತದೆ. ಹದಿನಾರು ಎಂಟಾಗುತ್ತದೆ, ಎಂಟು ನಾಲ್ಕಾಗುತ್ತದೆ, ನಾಲ್ಕು ಎರಡಾಗುತ್ತದೆ. ಇಪ್ಪತ್ತೆರಡನ್ನು ಅರ್ಧ ಮಾಡಿದರೆ ಹನ್ನೊಂದು; ಅಲ್ಲಿಗೆ ದಾರಿ ನಿಂತುಹೋಗುತ್ತದೆ. ಆದುದರಿಂದ ಹತ್ತು ತಂಡಗಳನ್ನು ಆಡಿಸದೆಯೇ ಮುಂದಕ್ಕೆ ಕಳುಹಿಸಿ, ಉಳಿದ ಹನ್ನೆರಡು ತಂಡಗಳನ್ನು ಆರು ಜೋಡಿಗಳಾಗಿ ಆಡಿಸಿದರು. ಗೆದ್ದ ಆರು, ಕಾದಿದ್ದ ಹತ್ತು, ಒಟ್ಟು ಹದಿನಾರು! ಈ ಪ್ರಾಥಮಿಕ ಸುತ್ತೇ ಇಂದಿನ ಅರ್ಹತಾ ಸುತ್ತುಗಳ ಪೂರ್ವರೂಪ. ಆ ವರ್ಷ ಈ ಸುತ್ತಿನಲ್ಲಿ ಆಡಿದವರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವೂ ಒಂದು. ಅದು ಬೆಲ್ಜಿಯಮ್ಮಿನ ಆಂಡರ್‌ಲೆಕ್ಟ್ ತಂಡವನ್ನು ಎರಡು ಪಂದ್ಯಗಳಲ್ಲಿ ಒಟ್ಟು 12-0 ಗೋಲುಗಳಿಂದ ಸೋಲಿಸಿತು.

ಲೆಕ್ಕವನ್ನು ಸರಿದೂಗಿಸಲು ಹುಟ್ಟಿದ ಈ ಏರ್ಪಾಡು ಕಾಲಕ್ರಮದಲ್ಲಿ ನ್ಯಾಯಾನ್ಯಾಯದ ಪ್ರಶ್ನೆಯಾಗಿ ಬೆಳೆಯಿತು. 1992-93ರಲ್ಲಿ ಪಂದ್ಯಾವಳಿಗೆ 'ಚಾಂಪಿಯನ್ಸ್ ಲೀಗ್' ಎಂದು ಹೊಸ ಹೆಸರಿಟ್ಟರು. ದೂರದರ್ಶನದ ಪ್ರಸಾರದಿಂದ ಹಣದ ಹೊಳೆ ಹರಿಯತೊಡಗಿತು. ಹೆಸರಾಂತ ತಂಡಗಳ ಪಂದ್ಯಗಳನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಸಣ್ಣ ದೇಶಗಳ ತಂಡಗಳನ್ನು ಕೇಳುವವರು ವಿರಳವಾಗಿದ್ದರು. 1994-95ರಿಂದ ಮೂರು ವರ್ಷಗಳ ಕಾಲ ಸಣ್ಣ ದೇಶಗಳ ಚಾಂಪಿಯನ್ ತಂಡಗಳಿಗೆ ಈ ಪಂದ್ಯಾವಳಿಯ ಬಾಗಿಲನ್ನೇ ಮುಚ್ಚಲಾಯಿತು. ಅವುಗಳನ್ನು ಯುಯೆಫಾ ಕಪ್ ಎಂಬ ಎರಡನೆಯ ಪಂದ್ಯಾವಳಿಗೆ ಕಳುಹಿಸಿದರು. ನಮ್ಮ ಮಕ್ಕಳ ಆಟಗಳಲ್ಲಿ ತೀರ ಎಳೆಯರನ್ನು 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುವ ರೂಢಿಯುಂಟು. ಈ ತಂಡಗಳಿಗೆ ದೊಡ್ಡ ಆಟದಲ್ಲಿ ಅಷ್ಟರ ಜಾಗವೂ ಇಲ್ಲದಂತಾಯಿತು.

1997-98ರಲ್ಲಿ ಬಾಗಿಲು ಮತ್ತೆ ತೆರೆಯಿತು; ಆದರೆ ಎರಡು ದಿಕ್ಕಿಗೂ ತೆರೆಯಿತು. ಒಂದು ಕಡೆ ಸಣ್ಣ ದೇಶಗಳ ಚಾಂಪಿಯನ್ನರು ಅರ್ಹತಾ ಸುತ್ತುಗಳ ಮೂಲಕ ಬರುವಂತಾಯಿತು. ಇನ್ನೊಂದು ಕಡೆ ಬಲಿಷ್ಠ ದೇಶಗಳಿಂದ ಎರಡನೆಯ ಸ್ಥಾನ ಪಡೆದ ತಂಡಗಳಿಗೂ ಪ್ರವೇಶ ದೊರೆಯಿತು. 1999ರಿಂದ ಈಚೆಗೆ ಅತಿ ಬಲಿಷ್ಠ ದೇಶಗಳಿಂದ ನಾಲ್ಕು ತಂಡಗಳವರೆಗೂ ಬರಲು ಅವಕಾಶವಾಯಿತು. ಇದರಿಂದ ಹೊಸದೊಂದು ಇಕ್ಕಟ್ಟು ಹುಟ್ಟಿತು. ಸಣ್ಣ ದೇಶದ ಚಾಂಪಿಯನ್ ತಂಡವು ಹೊಸ್ತಿಲು ದಾಟುವ ಮೊದಲೇ, ದೊಡ್ಡ ದೇಶದಲ್ಲಿ ನಾಲ್ಕನೆಯ ಸ್ಥಾನ ಪಡೆದ ಸಿರಿವಂತ ತಂಡದ ಕೈಯಲ್ಲಿ ಸೋತು ಹಿಂದಿರುಗಬೇಕಾಗುತ್ತಿತ್ತು. ಇದನ್ನು ಸರಿಪಡಿಸಲು 2009-10ರಲ್ಲಿ ಅರ್ಹತಾ ಸುತ್ತುಗಳನ್ನು ಎರಡು ದಾರಿಗಳಾಗಿ ವಿಂಗಡಿಸಿದರು. ತಮ್ಮ ದೇಶದಲ್ಲಿ ಚಾಂಪಿಯನ್ ಆದವರಿಗೆ ಒಂದು ದಾರಿ. ಚಾಂಪಿಯನ್ ಆಗದೆಯೂ ಮೇಲಿನ ಸ್ಥಾನಗಳನ್ನು ಪಡೆದವರಿಗೆ ಮತ್ತೊಂದು ದಾರಿ. ಅರ್ಹತಾ ಸುತ್ತುಗಳಲ್ಲಿ ಚಾಂಪಿಯನ್ನರು ಚಾಂಪಿಯನ್ನರೊಡನೆಯೇ ಸೆಣಸುವಂತಾದುದು ಈ ಮಾರ್ಪಾಡಿನ ಹಿರಿಮೆ.

ಯಾವ ದೇಶ ಬಲಿಷ್ಠ, ಯಾವುದು ದುರ್ಬಲ ಎಂಬುದನ್ನು ಯಾರು ನಿರ್ಣಯಿಸುತ್ತಾರೆ? ಅದಕ್ಕೆ 'ಗುಣಾಂಕ' ಎಂಬ ಒಂದು ಲೆಕ್ಕವಿದೆ. ಒಂದು ದೇಶದ ಕ್ಲಬ್ಬುಗಳು ಯೂರೋಪಿನ ಪಂದ್ಯಾವಳಿಗಳಲ್ಲಿ ಗಳಿಸುವ ಪ್ರತಿ ಗೆಲುವಿಗೆ ಎರಡು ಅಂಕ, ಸಮನಾದ ಪಂದ್ಯಕ್ಕೆ ಒಂದು ಅಂಕ. ಅರ್ಹತಾ ಸುತ್ತುಗಳಲ್ಲಾದರೆ ಇದರ ಅರ್ಧ. ಮುಂದಿನ ಹಂತಗಳನ್ನು ತಲುಪಿದವರಿಗೆ ಹೆಚ್ಚಿನ ಅಂಕಗಳೂ ಉಂಟು. ಈ ಮೊತ್ತವನ್ನು ಆ ವರ್ಷ ಆಡಿದ ಆ ದೇಶದ ಕ್ಲಬ್ಬುಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಒಂದು ದೇಶದ ನಾಲ್ಕು ಕ್ಲಬ್ಬುಗಳು ಸೇರಿ ಇಪ್ಪತ್ತು ಅಂಕಗಳನ್ನು ಗಳಿಸಿದುವೆಂದು ಇಟ್ಟುಕೊಳ್ಳೋಣ. ಆಗ ಆ ವರ್ಷದ ಗುಣಾಂಕ ಐದು. ಹೀಗೆ ಐದು ವರ್ಷಗಳ ಗುಣಾಂಕಗಳನ್ನು ಕೂಡಿಸಿ ದೇಶಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸುತ್ತಾರೆ. ಆದುದರಿಂದ ಒಂದು ಕ್ಲಬ್ಬಿನ ಗೆಲುವು ಅದರದು ಮಾತ್ರವಲ್ಲ. ಇಂದು ಗೆದ್ದವನು ತನ್ನ ದೇಶದಿಂದ ಮುಂದೆ ಬರುವವನ ಹಾದಿಯನ್ನೂ ಸುಗಮಗೊಳಿಸುತ್ತಾನೆ. ಸೋತವನು ಅದನ್ನು ದುರ್ಗಮಗೊಳಿಸುತ್ತಾನೆ.

2024-25ರಿಂದ ಪ್ರಧಾನ ಹಂತದಲ್ಲಿ ಮೂವತ್ತಾರು ತಂಡಗಳಿಗೆ ಸ್ಥಾನವಿದೆ. ಇವುಗಳಲ್ಲಿ ಇಪ್ಪತ್ತೊಂಬತ್ತು ತಂಡಗಳು ನೇರವಾಗಿ ಬರುತ್ತವೆ. ಗುಣಾಂಕದ ಪಟ್ಟಿಯಲ್ಲಿ ಮೊದಲ ನಾಲ್ಕು ಸ್ಥಾನಗಳಲ್ಲಿರುವ ದೇಶಗಳಿಂದಲೇ ತಲಾ ನಾಲ್ಕು ತಂಡಗಳು ಹೀಗೆ ಪ್ರವೇಶ ಪಡೆಯುತ್ತವೆ. ಉಳಿಯುವುವು ಏಳೇ ಸ್ಥಾನಗಳು. ಐದು ಚಾಂಪಿಯನ್ನರ ದಾರಿಯಲ್ಲಿ ಬರುವವರಿಗೆ, ಎರಡು ಮತ್ತೊಂದು ದಾರಿಯಲ್ಲಿ ಬರುವವರಿಗೆ. ಈ ಏಳು ಸ್ಥಾನಗಳಿಗಾಗಿ ಜುಲೈ ತಿಂಗಳಿನಿಂದ ಆಗಸ್ಟ್ ತಿಂಗಳ ಕೊನೆಯವರೆಗೆ, ಖಂಡದ ಮೂಲೆಮೂಲೆಗಳಿಂದ ಬಂದ ತಂಡಗಳು ಹೋರಾಡುತ್ತವೆ. ಮೊದಲನೆಯ, ಎರಡನೆಯ, ಮೂರನೆಯ ಸುತ್ತುಗಳು, ಕೊನೆಗೆ 'ಪ್ಲೇ-ಆಫ್' ಎಂಬ ನಿರ್ಣಾಯಕ ಸುತ್ತು, ಹೀಗೆ ನಾಲ್ಕು ಮೆಟ್ಟಿಲುಗಳು. ಅತ್ಯಂತ ಕೆಳಗಿನಿಂದ ಹೊರಟವರು ನಾಲ್ಕನ್ನೂ ಹತ್ತಬೇಕು. ಸ್ವಲ್ಪ ಬಲಿಷ್ಠರಾದವರು ನಡುವಿನ ಮೆಟ್ಟಿಲಿನಲ್ಲಿ ಸೇರಿಕೊಳ್ಳುತ್ತಾರೆ. ಸೋತವರೂ ಒಮ್ಮೆಗೇ ಬರಿಗೈಯಲ್ಲಿ ಮನೆಗೆ ಹೋಗಬೇಕಾಗಿಲ್ಲ. ಯುಯೆಫಾ ಒಕ್ಕೂಟವೇ ನಡೆಸುವ ಕೆಳಗಿನ ದರ್ಜೆಯ ಪಂದ್ಯಾವಳಿಗಳಲ್ಲಿ ಅವರಿಗೆ ಇನ್ನೊಂದು ಅವಕಾಶವಿರುತ್ತದೆ.

ಪ್ರತಿ ಸುತ್ತಿನಲ್ಲಿಯೂ ಇಬ್ಬರು ಎದುರಾಳಿಗಳು ಎರಡು ಸಲ ಸೆಣಸುತ್ತಾರೆ. ಒಂದು ಪಂದ್ಯ ಇವರ ಊರಿನಲ್ಲಿ, ಇನ್ನೊಂದು ಅವರ ಊರಿನಲ್ಲಿ. ಅನೋ ಅವರ ಮೂಲವಾದವು ಇಲ್ಲಿ ಇಂದಿಗೂ ಉಸಿರಾಡುತ್ತಿದೆ. ಎರಡು ಪಂದ್ಯಗಳ ಗೋಲುಗಳನ್ನು ಕೂಡಿಸಿ ಹೆಚ್ಚು ಗೋಲು ಹೊಡೆದವರನ್ನು ವಿಜಯಿಗಳೆಂದು ಘೋಷಿಸುತ್ತಾರೆ. ಮೊತ್ತ ಸಮನಾದರೆ, ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರೇ ಗೆದ್ದವರು ಎಂಬ ನಿಯಮ ಬಹುಕಾಲ ರೂಢಿಯಲ್ಲಿತ್ತು. 2021ರಲ್ಲಿ ಯುಯೆಫಾ ಅದನ್ನು ಕೈಬಿಟ್ಟಿತು. ಈಗ ಮೊತ್ತ ಸಮನಾದರೆ ಮೂವತ್ತು ನಿಮಿಷಗಳ ಹೆಚ್ಚಿನ ಆಟ. ಅದರಲ್ಲಿಯೂ ನಿರ್ಣಯವಾಗದಿದ್ದರೆ ಪೆನಾಲ್ಟಿ ಒದೆತಗಳು.

ಈ ಸುತ್ತುಗಳಲ್ಲಿ ಹಿರಿಯರೂ ಕಿರಿಯರೂ ಎದುರುಬದುರಾಗಿ ನಿಂತಾಗ ಏನಾಗಬಹುದೆಂಬುದಕ್ಕೆ ಒಂದು ನಿದರ್ಶನವನ್ನು ನೋಡೋಣ. ಸ್ಪೇನಿನ ದಕ್ಷಿಣದ ತುದಿಯಲ್ಲಿ ಜಿಬ್ರಾಲ್ಟರ್ ಎಂಬ ಪುಟ್ಟ ನಾಡಿದೆ. ಅದರ ವಿಸ್ತೀರ್ಣ ಏಳು ಚದರ ಕಿಲೋಮೀಟರಿಗಿಂತಲೂ ಕಡಿಮೆ. 2016ರ ಜುಲೈ 12ರಂದು ಅಲ್ಲಿನ ಲಿಂಕನ್ ರೆಡ್ ಇಂಪ್ಸ್ ತಂಡವು ಎರಡನೆಯ ಅರ್ಹತಾ ಸುತ್ತಿನಲ್ಲಿ ಸ್ಕಾಟ್‌ಲೆಂಡಿನ ಸೆಲ್ಟಿಕ್ ತಂಡವನ್ನು ಎದುರಿಸಿತು. ಸೆಲ್ಟಿಕ್ ಎಂದರೆ ಸಾಮಾನ್ಯವಲ್ಲ; 1967ರಲ್ಲಿ ಯೂರೋಪಿಯನ್ ಕಪ್ಪನ್ನು ಗೆದ್ದ ಮೊದಲ ಬ್ರಿಟಿಷ್ ತಂಡವದು. ಜಿಬ್ರಾಲ್ಟರಿನ ಆಟಗಾರರಾದರೋ ಬೇರೆ ಉದ್ಯೋಗಗಳನ್ನು ಮಾಡಿಕೊಂಡು ಬಿಡುವಿನಲ್ಲಿ ಆಡುವವರು. ಅವರಲ್ಲಿ ಒಬ್ಬರಾದ ಲೀ ಕ್ಯಾಸಿಯಾರೊ ವೃತ್ತಿಯಿಂದ ಪೊಲೀಸರು. ವಿಮಾನ ನಿಲ್ದಾಣದ ಪಕ್ಕದ ಆ ಸಣ್ಣ ಕ್ರೀಡಾಂಗಣದಲ್ಲಿ ಅಂದು ಹೊಡೆದುದು ಒಂದೇ ಗೋಲು, ಹೊಡೆದವರು ಕ್ಯಾಸಿಯಾರೊ! ಎರಡನೆಯ ಪಂದ್ಯವನ್ನು ಸೆಲ್ಟಿಕ್ ತನ್ನ ಊರಿನಲ್ಲಿ 3-0ಯಿಂದ ಗೆದ್ದು ಮುಂದಕ್ಕೆ ಹೋಯಿತೆಂಬುದು ನಿಜ. ಆದರೆ ಆ ಒಂದು ಸಂಜೆಯ ಗೆಲುವನ್ನು ಆ ಪುಟ್ಟ ನಾಡಿನಿಂದ ಯಾರೂ ಕಸಿದುಕೊಳ್ಳಲಾರರು.

ಅರ್ಹತೆಯೆಂಬುದು ಕಾಲಿನ ಚಳಕದಿಂದ ಮಾತ್ರ ದೊರೆಯುವುದಿಲ್ಲ, ನಿಯಮಪಾಲನೆಯೂ ಅದರ ಅಂಗ ಎಂಬುದಕ್ಕೆ 2014ರ ಒಂದು ಘಟನೆ ಸಾಕ್ಷಿಯಾಗಿದೆ. ಪೋಲೆಂಡಿನ ಲೆಗಿಯಾ ವಾರ್ಸಾ ತಂಡವು ಮೂರನೆಯ ಅರ್ಹತಾ ಸುತ್ತಿನಲ್ಲಿ ಇದೇ ಸೆಲ್ಟಿಕ್ ತಂಡವನ್ನು 4-1 ಮತ್ತು 2-0 ಗೋಲುಗಳಿಂದ ಸೋಲಿಸಿತ್ತು. ಎರಡನೆಯ ಪಂದ್ಯದ ಕೊನೆಯ ಕೆಲವು ನಿಮಿಷಗಳಿಗೆ ಅದು ಒಬ್ಬ ಬದಲಿ ಆಟಗಾರನನ್ನು ಅಂಗಳಕ್ಕಿಳಿಸಿತು. ಆತನಿಗೆ ಮೂರು ಪಂದ್ಯಗಳ ನಿಷೇಧವಿತ್ತು. ಮೂರು ಪಂದ್ಯಗಳಲ್ಲಿ ಆತ ಆಡಿರಲಿಲ್ಲವೆಂಬುದೂ ದಿಟವೇ. ಆದರೆ ಮೊದಲಿನ ಎರಡು ಪಂದ್ಯಗಳಿಗೆ ಕ್ಲಬ್ಬು ಆತನ ಹೆಸರನ್ನು ಆಟಗಾರರ ಪಟ್ಟಿಯಲ್ಲಿ ನೋಂದಾಯಿಸಿರಲಿಲ್ಲ. ಪಟ್ಟಿಯಲ್ಲಿ ಇಲ್ಲದವನಿಗೆ ನಿಷೇಧದ ದಿನಗಳು ಸಲ್ಲುವುದಿಲ್ಲ ಎಂದು ಯುಯೆಫಾ ತೀರ್ಪಿತ್ತಿತು. ಎರಡನೆಯ ಪಂದ್ಯವನ್ನು 3-0ಯಿಂದ ಸೆಲ್ಟಿಕ್ ಗೆದ್ದಿತೆಂದು ಬರೆದುಕೊಂಡಿತು. ಮೊತ್ತ 4-4 ಆಯಿತು. ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿನ ನಿಯಮ ಆಗ ಇನ್ನೂ ಜಾರಿಯಲ್ಲಿದ್ದುದರಿಂದ ಸೆಲ್ಟಿಕ್ ಮುಂದಿನ ಸುತ್ತಿಗೆ ಹೋಯಿತು. ಕಚೇರಿಯ ಒಂದು ಕಾಗದದಲ್ಲಿ ಬಿಟ್ಟುಹೋದ ಒಂದು ಹೆಸರು ಹನ್ನೊಂದು ಜನರ ಬೆವರನ್ನು ನೀರುಪಾಲು ಮಾಡಿತು.

ಹೊಸ್ತಿಲನ್ನು ದಾಟಿದವರ ಸಾಹಸವೂ ಸ್ಮರಣೀಯವೇ. 2021ರಲ್ಲಿ ಮಾಲ್ಡೋವ ದೇಶದ ಷೆರಿಫ್ ತಿರಾಸ್ಪೋಲ್ ತಂಡವು ಮೊದಲನೆಯ ಅರ್ಹತಾ ಸುತ್ತಿನಿಂದ ಆರಂಭಿಸಿತು. ಅಲ್ಬೇನಿಯ ಮತ್ತು ಆರ್ಮೇನಿಯ ದೇಶಗಳ ತಂಡಗಳನ್ನು ಸೋಲಿಸಿ, ಅನಂತರ 1991ರ ಯೂರೋಪಿಯನ್ ಕಪ್ ವಿಜೇತರಾದ ಬೆಲ್‌ಗ್ರೇಡಿನ ರೆಡ್ ಸ್ಟಾರ್ ತಂಡವನ್ನೂ, ಕ್ರೊಯೇಷಿಯದ ಡೈನಮೊ ಜಾಗ್ರೆಬ್ ತಂಡವನ್ನೂ ಹಿಮ್ಮೆಟ್ಟಿಸಿತು. ಎಂಟು ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಧಾನ ಹಂತವನ್ನು ಮುಟ್ಟಿತು. ಮಾಲ್ಡೋವದ ಕ್ಲಬ್ಬೊಂದು ಅಲ್ಲಿಗೆ ತಲುಪಿದುದು ಅದೇ ಮೊದಲು. ಸೆಪ್ಟೆಂಬರ್ 28ರಂದು ಅದು ರಿಯಲ್ ಮ್ಯಾಡ್ರಿಡ್ ತಂಡವನ್ನು ಮ್ಯಾಡ್ರಿಡ್ ನಗರದಲ್ಲಿಯೇ ಎದುರಿಸಿತು. ಅದುವರೆಗೆ ಹದಿಮೂರು ಸಲ ಯೂರೋಪಿನ ಚಾಂಪಿಯನ್ ಆಗಿದ್ದ ಆ ತಂಡವನ್ನು ಷೆರಿಫ್ 2-1ರಿಂದ ಸೋಲಿಸಿತು. ಗೆಲುವಿನ ಗೋಲು ಬಂದುದು ತೊಂಬತ್ತನೆಯ ನಿಮಿಷದಲ್ಲಿ. ಆ ವರ್ಷದ ಪಾರಿತೋಷಕವನ್ನು ಕೊನೆಗೆ ಗೆದ್ದುದು ರಿಯಲ್ ಮ್ಯಾಡ್ರಿಡ್ ತಂಡವೇ ಎಂಬುದನ್ನು ನೆನೆದರೆ ಈ ಗೆಲುವಿನ ಬೆಲೆ ಇನ್ನೂ ಹೆಚ್ಚುತ್ತದೆ.

ಅರ್ಹತಾ ಸುತ್ತುಗಳು ಸಣ್ಣವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು. 1998-99ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಪೋಲೆಂಡಿನ ವೂಜ್ ನಗರದ ತಂಡದೊಡನೆ ಅರ್ಹತಾ ಪಂದ್ಯಗಳನ್ನಾಡಿ ಒಳಗೆ ಬಂದು, ಕೊನೆಗೆ ಚಾಂಪಿಯನ್ ಆಯಿತು. 2004-05ರಲ್ಲಿ ಲಿವರ್‌ಪೂಲ್ ತಂಡದ ಕಥೆಯೂ ಇದೇ. ಅದು ಇಸ್ತಾಂಬುಲ್ ನಗರದ ಕೊನೆಯ ಪಂದ್ಯದಲ್ಲಿ ಮೂರು ಗೋಲುಗಳಿಂದ ಹಿಂದೆ ಬಿದ್ದಿದ್ದರೂ ಎದುರಾಳಿಯನ್ನು ಸರಿಗಟ್ಟಿ, ಪೆನಾಲ್ಟಿ ಒದೆತಗಳಲ್ಲಿ ಗೆದ್ದಿತು. ಆದರೆ ಆ ವರ್ಷ ತನ್ನ ದೇಶದ ಲೀಗಿನಲ್ಲಿ ಅದಕ್ಕೆ ದೊರೆತುದು ಐದನೆಯ ಸ್ಥಾನ. ಆದುದರಿಂದ ಪಾರಿತೋಷಕವನ್ನು ಎತ್ತಿ ಹಿಡಿದ ಏಳು ವಾರಗಳ ಬಳಿಕ, ಯೂರೋಪಿನ ಚಾಂಪಿಯನ್ ತಂಡವು ವೇಲ್ಸಿನ ಒಂದು ಪುಟ್ಟ ಕ್ಲಬ್ಬಿನೊಡನೆ ಮೊದಲನೆಯ ಅರ್ಹತಾ ಸುತ್ತನ್ನು ಆಡಬೇಕಾಯಿತು! ಅದನ್ನು ನೋಡಿದ ಮೇಲೆ, ಹಾಲಿ ಚಾಂಪಿಯನ್ ತಂಡಕ್ಕೆ ಮರುವರ್ಷದ ಪ್ರವೇಶವನ್ನು ನಿಯಮದಲ್ಲಿಯೇ ಖಚಿತಪಡಿಸಲಾಯಿತು. ಇತ್ತ 2025ರ ಆಗಸ್ಟ್ ತಿಂಗಳಲ್ಲಿ ಸೆಲ್ಟಿಕ್ ತಂಡವು ಪ್ಲೇ-ಆಫ್ ಸುತ್ತಿನಲ್ಲಿ ಕಜಾಕ್‌ಸ್ತಾನದ ಕೈರತ್ ತಂಡಕ್ಕೆ ಪೆನಾಲ್ಟಿ ಒದೆತಗಳಲ್ಲಿ ಸೋತು ಹೊಸ್ತಿಲಿನಿಂದಲೇ ಹಿಂದಿರುಗಿತು. ಪೂರ್ವಿಕರ ಕೀರ್ತಿಯು ಇಂದಿನ ಪಂದ್ಯದಲ್ಲಿ ಗೋಲಾಗಿ ಪರಿಣಮಿಸದು.

ಇಂತಹ ಏರ್ಪಾಡಿನ ಬಗ್ಗೆ ಅಸಮಾಧಾನ ಎರಡು ಕಡೆಗಳಿಂದಲೂ ಇದೆ. ತನ್ನ ದೇಶದ ಚಾಂಪಿಯನ್ ಎಂಟು ಪಂದ್ಯಗಳನ್ನಾಡಿ ಬರಬೇಕು, ದೊಡ್ಡ ದೇಶದಲ್ಲಿ ನಾಲ್ಕನೆಯವನಾದವನು ಒಂದನ್ನೂ ಆಡದೆ ಒಳಗಿರುತ್ತಾನೆ, ಇದಾವ ನ್ಯಾಯ ಎಂದು ಸಣ್ಣವರು ಕೇಳುತ್ತಾರೆ. ಆ ನಾಲ್ಕನೆಯವನೇ ನಿಮ್ಮ ಚಾಂಪಿಯನ್ನನಿಗಿಂತ ಸಮರ್ಥ, ಜನರು ನೋಡಬಯಸುವುದೂ ಅವನ ಆಟವನ್ನೇ ಎಂದು ದೊಡ್ಡವರು ಉತ್ತರಿಸುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಆದರೆ 2021ರ ಏಪ್ರಿಲ್ 18ರಂದು ದೊಡ್ಡವರ ಮಾತು ಮೇರೆ ಮೀರಿತು. ಇಂಗ್ಲೆಂಡ್, ಸ್ಪೇನ್, ಇಟಲಿಗಳ ಹನ್ನೆರಡು ಸಿರಿವಂತ ಕ್ಲಬ್ಬುಗಳು 'ಸೂಪರ್ ಲೀಗ್' ಎಂಬ ಪ್ರತ್ಯೇಕ ಪಂದ್ಯಾವಳಿಯನ್ನು ಕಟ್ಟುವುದಾಗಿ ಸಾರಿದುವು. ಅದರ ಇಪ್ಪತ್ತು ಸ್ಥಾನಗಳಲ್ಲಿ ಹದಿನೈದು ಖಾಯಂ ಸದಸ್ಯರಿಗೆ ಮೀಸಲು. ಆ ಹದಿನೈದು ತಂಡಗಳು ಸೋತರೂ ಹೊರಹೋಗಬೇಕಾಗಿಲ್ಲ, ಅರ್ಹತೆಯನ್ನು ತೋರಿಸಬೇಕಾಗಿಯೂ ಇಲ್ಲ. ಇದನ್ನು ವಿರೋಧಿಸಿ ಬೀದಿಗಿಳಿದವರು ಬೇರಾರೂ ಅಲ್ಲ, ಆ ದೊಡ್ಡ ಕ್ಲಬ್ಬುಗಳ ಅಭಿಮಾನಿಗಳೇ. ಎರಡೇ ದಿನಗಳಲ್ಲಿ ಇಂಗ್ಲೆಂಡಿನ ಆರು ಕ್ಲಬ್ಬುಗಳೂ ಹಿಂದೆ ಸರಿದುವು, ಯೋಜನೆ ಕುಸಿಯಿತು. ಸೋಲಿನ ಭಯವಿಲ್ಲದ ಕಡೆ ಗೆಲುವಿಗೆ ಅರ್ಥವಿಲ್ಲ ಎಂಬುದನ್ನು ಸಾಮಾನ್ಯ ಜನ ಚೆನ್ನಾಗಿ ಬಲ್ಲರು.

ಇಂತಹ ಹೊಸ್ತಿಲು ನಮ್ಮ ನಾಡಿಗೂ ಅಪರಿಚಿತವಲ್ಲ. ಏಷ್ಯಾ ಖಂಡದ ಕ್ಲಬ್ಬುಗಳ ಪಂದ್ಯಾವಳಿಗಳಲ್ಲಿಯೂ ಅರ್ಹತಾ ಸುತ್ತುಗಳುಂಟು. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌ಸಿ ತಂಡವು ಮೊದಲ ವರ್ಷವೇ ಭಾರತದ ಐ-ಲೀಗ್ ಚಾಂಪಿಯನ್ ಆಗಿ, 2015ರಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗಿನ ಪ್ರಾಥಮಿಕ ಸುತ್ತನ್ನು ಆಡಿತು. ಮಲೇಷಿಯದ ಜೊಹೋರ್ ತಂಡದ ಎದುರು ಹೆಚ್ಚಿನ ಅವಧಿಯ ಆಟದವರೆಗೂ ಹೋರಾಡಿ 1-2ರಿಂದ ಸೋತಿತು. 2016ರಲ್ಲಿ ಎರಡನೆಯ ದರ್ಜೆಯ ಪಂದ್ಯಾವಳಿಯಾಗಿದ್ದ ಎಎಫ್‌ಸಿ ಕಪ್ಪಿನ ಉಪಾಂತ್ಯದಲ್ಲಿ ಅದೇ ಜೊಹೋರ್ ತಂಡ ಮತ್ತೆ ಎದುರಾಯಿತು. ಅಲ್ಲಿ 1-1ರಿಂದ ಸಮಮಾಡಿಕೊಂಡು ಬಂದ ಬೆಂಗಳೂರಿನ ತಂಡವು ಕಂಠೀರವ ಕ್ರೀಡಾಂಗಣದಲ್ಲಿ 3-1ರಿಂದ ಗೆದ್ದು, ಆ ಪಂದ್ಯಾವಳಿಯ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ಕ್ಲಬ್ಬೆನಿಸಿತು. ದೋಹಾದಲ್ಲಿ ನಡೆದ ಆ ಪಂದ್ಯದಲ್ಲಿ ಇರಾಕಿನ ತಂಡವೊಂದು 1-0ಯಿಂದ ಗೆದ್ದಿತು. ಆದರೂ ಹೊಸ್ತಿಲಿನಲ್ಲಿ ಎಡವಿದವರು ಮರುವರ್ಷ ಎಷ್ಟು ದೂರ ನಡೆಯಬಲ್ಲರೆಂಬುದನ್ನು ಅದು ತೋರಿಸಿಕೊಟ್ಟಿತು.

ಅರ್ಹತಾ ಸುತ್ತುಗಳಲ್ಲಿ ಆಡುವ ತಂಡಗಳಲ್ಲಿ ಹೆಚ್ಚಿನವು ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೇ ಸೋತು ಹಿಂದಿರುಗುತ್ತವೆ. ಅವುಗಳ ಹೆಸರುಗಳು ಪತ್ರಿಕೆಗಳ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿ ಮರೆತುಹೋಗುತ್ತವೆ. ಆದರೂ ಮರುವರ್ಷ ಅವು ಮತ್ತೆ ಬರುತ್ತವೆ. ಬಾಗಿಲು ಕಿರಿದಾಗಿರಬಹುದು, ಅದು ಎಲ್ಲರಿಗೂ ಒಂದೇ ಎತ್ತರದಲ್ಲಿಯೂ ಇರಲಿಕ್ಕಿಲ್ಲ. ಆದರೆ ಅದಕ್ಕೆ ಬೀಗ ಹಾಕಿಲ್ಲ ಎಂಬ ನಂಬಿಕೆಯೇ ಅವುಗಳನ್ನು ಕರೆತರುತ್ತದೆ. ಕೊನೆಯ ದಿನ ಪಾರಿತೋಷಕವನ್ನು ಎತ್ತಿ ಹಿಡಿಯುವವನು ತಾನು ಎಲ್ಲರಿಗಿಂತ ಮೇಲೆಂದು ಹೇಳಿಕೊಳ್ಳಬಲ್ಲನಾದರೆ, ಅದಕ್ಕೆ ಕಾರಣ ಆ 'ಎಲ್ಲರ'ಲ್ಲಿ ಜಿಬ್ರಾಲ್ಟರಿನ ಪೊಲೀಸರೂ ಸೇರಿದ್ದಾರೆ ಎಂಬುದೇ ಆಗಿದೆ.